ಆನೆ ಕಟ್ಟಿದ್ದ ಕಂಬ

ಫೆಬ್ರವರಿ 2, 1997, ಭಾನುವಾರ. ತೊಣ್ಣೂರು

ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಪುಸ್ತಕ ಒಂದು ತಿಂಗಳಿಂದ ಟಿ.ವಿ. ಮೇಲೆ ಬಿದ್ದಿತ್ತು. ಹಾಲಿನ ಸಂಘದ ಅಧ್ಯಕ್ಷನಾದವನು ದಿನಚರಿ ಬರೆಯಬೇಕು ಅಂತ ಯಾರೋ ಹೇಳಿದ್ದರು. ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಮಗಳು ಅನುವಿಗೆ ಮದುವೆ ಗೊತ್ತಾಯಿತು. ಹುಡುಗ ನಿಂಗರಾಜು, ಬೆಳ್ಳೂರು ಕ್ರಾಸಿನಲ್ಲಿ ಟ್ರಾಕ್ಟರು ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ. ಮಾರ್ಚ್ 13ಕ್ಕೆ ಮುಹೂರ್ತ. ಬೀಗರು ನಮ್ಮ ಹೊಸ ಮನೆಯನ್ನು ಎರಡು ಸಲ ಸುತ್ತಿ ನೋಡಿದರು. ಆರ್‌ಸಿಸಿ ತಾರಸಿ, ಮೊಸಾಯಿಕ್ ನೆಲ, ಕಿಟಕಿಗಳಿಗೆ ನವಿಲಿನ ಗ್ರಿಲ್ಲು. ನಿಂಗರಾಜುವಿನ ಅಪ್ಪ ನೆಲವನ್ನೇ ನೋಡುತ್ತಾ ನಡೆದು ಜಾರಿ ಬೀಳುವುದರಲ್ಲಿದ್ದರು. ಅಷ್ಟು ನುಣುಪು. ನನಗೆ ತುಂಬಾ ಸಂತೋಷವಾಯಿತು.

ಎಲೆ ಅಡಿಕೆಯೂ ಆಗಿ ಎಲ್ಲರೂ ಏಳುವ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ಅವ್ವ ಬಾಯಿ ತೆಗೆದಳು.

"ಒನ್ನಪ್ಪ, ಕಂಬ ಯಾವತ್ತು ತತ್ತೀಯ?"

ನಮ್ಮ ಹಳೆಯ ತೊಟ್ಟಿ ಮನೆಯಲ್ಲಿ ನಾಲ್ಕು ಕಂಬಗಳಿದ್ದವು. ಅಡುಗೆಮನೆ ಪಕ್ಕದ್ದು ಮಜ್ಜಿಗೆ ಕಂಬ. ಅದಕ್ಕೆ ಹಗ್ಗದ ಕುಣಿಕೆ ಹಾಕಿ, ಕುಣಿಕೆಯೊಳಗೆ ಕಡಗೋಲು ನಿಲ್ಲಿಸಿ, ಅದಕ್ಕೆ ಸುತ್ತಿದ ಇನ್ನೊಂದು ಹಗ್ಗದ ಎರಡು ತುದಿ ಎಳೆದು ಹೆಂಗಸರು ಮೊಸರು ಕಡೆಯುತ್ತಿದ್ದರು. ನಮ್ಮ ಮನೆಯ ಹೆಣ್ಣುಮಗಳು ಹಸೆಮಣೆ ಏರುವ ಮುಂಚೆ ಆ ಕಂಬದಲ್ಲಿ ತಾನೇ ಮೊಸರು ಕಡೆದು, ಮೊದಲ ಬೆಣ್ಣೆಯನ್ನು ಕಂಬಕ್ಕೆ ಹಚ್ಚಬೇಕು. ನನ್ನ ಸೋದರತ್ತೆಯರು ಹಚ್ಚಿದ್ದರು, ತಂಗಿ ಪುಟ್ಟಗೌರಮ್ಮ ಹಚ್ಚಿದ್ದಳು. ಇದು ನಮ್ಮ ಮನೆಯವರ ಶಾಸ್ತ್ರ, ಊರಲ್ಲಿ ಬೇರೆ ಯಾರಿಗೂ ಇಲ್ಲ.

ಕಂಬ ಎಲ್ಲಿದೆ? ನನಗೂ ಗೊತ್ತಿಲ್ಲ. ಮೂರು ವರ್ಷದ ಕೆಳಗೆ ಅವ್ವ ಪುಟ್ಟಗೌರಮ್ಮನ ಮಗಳ ಬಾಣಂತನಕ್ಕೆ ಕೆ.ಆರ್. ಪೇಟೆಗೆ ಹೋಗಿದ್ದಾಗ ನಾನು ಹಳೆ ಮನೆ ಬೀಳಿಸಿದೆ. ಮೈಸೂರಿನಿಂದ ಹಳೆ ಸಾಮಾನು ಕೊಳ್ಳುವವನೊಬ್ಬ ಬಂದ. ನಾಲ್ಕು ಕಂಬ ತೆಗೆದುಕೊಂಡು ಫಾರ್ಮೈಕಾ ಹಾಕಿದ ಊಟದ ಮೇಜು, ಆರು ಕುರ್ಚಿ ಕೊಟ್ಟ. ಹುಳ ಹಿಡಿಯುವ ಸೌದೆಗೆ ಮೇಜು! ಅವನಿಗೆ ತಲೆ ಸರಿಯಿಲ್ಲ ಅಂದುಕೊಂಡು, ಅವನು ಮನಸ್ಸು ಬದಲಾಯಿಸುವ ಮೊದಲೇ ನಾನೇ ಲಾರಿಗೆ ಹೊರಿಸಿ ಕಳಿಸಿದೆ.

ಅವ್ವ ಬಂದವಳು ಮನೆ ಹೋಯಿತೆಂದು ಅಳಲಿಲ್ಲ. ಕಂಬ ಎಲ್ಲಿ ಅಂತ ಮಾತ್ರ ಕೇಳಿದಳು. ಶ್ರೀರಂಗಪಟ್ಟಣದ ಆಚಾರಿ ಹತ್ತಿರ ಪಾಲಿಶ್‌ಗೆ ಕೊಟ್ಟಿದ್ದೇನೆ ಅಂದೆ. ಅವತ್ತಿಗೆ ಅದು ಒಳ್ಳೆ ಮಾತಾಗಿತ್ತು. ಆಮೇಲೆ ಪ್ರತಿ ಹಬ್ಬಕ್ಕೂ ಅವಳು ಕೇಳುವುದು, ನಾನು ಏನಾದರೂ ಹೇಳುವುದು. ಇಲ್ಲದ ಆ ಆಚಾರಿಯ ಕಾಲನ್ನು ಎರಡು ಸಲ ಮುರಿದಿದ್ದೇನೆ, ಅವನ ಹೆಂಡತಿಯನ್ನು ಒಂದು ಸಲ ಸಾಯಿಸಿದ್ದೇನೆ.

ಇವತ್ತು ಬೀಗರ ಮುಂದೆಯೇ ಅವ್ವ ಹೇಳಿಬಿಟ್ಟಳು. "ಕಂಬಕ್ಕೆ ಬೆಣ್ಣೆ ಅಚ್ದೆ ನಾನು ಅರಿಸ್ನ ಕುಟ್ಟೋ ಒನಕೆ ಮುಟ್ಟಾಕಿಲ್ಲ."

"ಅಂಗಾದ್ರೆ ಅದು ಆಗ್ಲೇಬೇಕು ಬುಡಿ. ದೊಡ್ಡೋರು ಅರಿಸ್ನ ಕುಟ್ದೆ ಮದ್ವೆ ಎಂಗಾಯ್ತದೆ?" ಅಂದರು ನಿಂಗರಾಜುವಿನ ಅವ್ವ.

ಫೆಬ್ರವರಿ 4, ಮಂಗಳವಾರ

ಶ್ರೀರಂಗಪಟ್ಟಣಕ್ಕೆ ಹೋಗಿ ನಿಜವಾದ ಆಚಾರಿಯೊಬ್ಬರನ್ನು ಹುಡುಕಿದೆ. ಕಾಲು ನೆಟ್ಟಗಿತ್ತು, ಹೆಂಡತಿಯೂ ಇದ್ದರು. ಹಳೆಯದರಂತೆ ಒಂದು ಕಂಬ ಮಾಡಿ, ನಡುವೆ ಹಗ್ಗ ಸವೆದಂಥ ತೋಡು ಕೊರೆದುಕೊಡಿ ಅಂದೆ.

"ಕಂಬ ಮಾಡ್ಕೊಡ್ತೀನಿ. ಅಗ್ಗ ಸವೆದ ತೋಡು ಉಳೀಲಿ ಬರಾಕಿಲ್ಲ ಗೌಡ್ರೆ. ಕಣ್ಣಿಗೆ ಮೋಸ ಮಾಡ್ಬೋದು, ಕಡ್ದೋರು ಬೆರಳಿಟ್ರೆ ಗೊತ್ತಾಗೋಯ್ತದೆ" ಅಂದರು.

ಈಗಿನ ಕಾಲದಲ್ಲಿ ಕೆಲಸ ಬಲ್ಲವರೇ ಸಿಗುವುದಿಲ್ಲ.

ಫೆಬ್ರವರಿ 6, ಗುರುವಾರ

ಕಂಬ ಸಿಕ್ಕಿತು.

ಲಗ್ನಪತ್ರಿಕೆಗೆ ಫೋಟೋ ಕೊಡಲು ಪಾಂಡವಪುರದ ಕುಮಾರ್ ಸ್ಟುಡಿಯೋಗೆ ಹೋಗಿದ್ದೆ. ಗೋಡೆಯ ಮೇಲೆ ಯಾವುದೋ ಹೋಟೆಲ್ಲಿನ ಬಣ್ಣದ ಕ್ಯಾಲೆಂಡರು. ಬಿಳಿ ಹೆಂಗಸೊಬ್ಬಳು ಕೈಯಲ್ಲಿ ಗ್ಲಾಸು ಹಿಡಿದು ಒಂದು ಕಂಬಕ್ಕೆ ಒರಗಿದ್ದಾಳೆ. ಕಂಬದ ನೆತ್ತಿಯಲ್ಲಿ ಗಿಳಿ. ಗಿಳಿಗೆ ಕೊಕ್ಕಿಲ್ಲ. ಆ ಕೊಕ್ಕು ಮುರಿದವನು ನಾನೇ, ಎಂಟನೇ ವಯಸ್ಸಿನಲ್ಲಿ, ಚಿನ್ನಿದಾಂಡು ಆಡುವಾಗ. ಅಪ್ಪ ಹೊಡೆದ ಏಟು ಈಗಲೂ ನೆನಪಿದೆ.

"ಕೇರಳದ್ ಸಮುದ್ರದ ದಡದಲ್ಲಿ ಅದೆ ಕಣ್ ಗೌಡ್ರೆ, ಕಣ್ಣೂರಿಂದಾಚೆ" ಅಂದ ಕುಮಾರ್. "ಕ್ಯಾಪ್ಟನ್ ಹೌಸ್ ಅಂತ. ಇನ್ನೂರು ವರ್ಸದ ಪಾಳು ಬಂಗ್ಲೆನ ರಿಪೇರಿ ಮಾಡಿ ದೊಡ್ ಹೋಟ್ಲು ಮಾಡವ್ರೆ. ಫಾರಿನ್ನೋರೆಲ್ಲ ಬಂದು ತಂಗ್ತಾರಂತೆ. ಇದು ಅವ್ರ ಬಾರು."

ನಮ್ಮ ಮಜ್ಜಿಗೆ ಕಂಬ ಬಾರಿನಲ್ಲಿದೆ.

ಫೆಬ್ರವರಿ 7, ಶುಕ್ರವಾರ

ಕ್ಯಾಲೆಂಡರಿನಲ್ಲಿದ್ದ ನಂಬರಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಅತ್ತಲವನ ಇಂಗ್ಲಿಷ್ ಕೇಳಿ ನಾನೂ ಬಿಡಲಿಲ್ಲ. "ಯುವರ್ ಬಾರ್ ಪಿಲ್ಲರ್ ಈಸ್ ಮೈ ಪಿಲ್ಲರ್" ಅಂದೆ.

ಎಲ್ಲಿಂದ ಅಂತ ಕೇಳಿದ. ಪಾಂಡವಪುರ ಅಂದೆ.

"ಅಯ್ಯೋ, ನಾನು ನಾಗಮಂಗಲದವನು ಸ್ವಾಮಿ! ದೇವಸ್ಥಾನದ ಬೀದಿ. ದೊರೆಸ್ವಾಮಿ ಅಂತ, ಇಲ್ಲಿ ಮ್ಯಾನೇಜರು."

ಅಲ್ಲಿಂದ ಮುಂದೆ ಮಾತು ಸಲೀಸಾಯಿತು, ಶಾಸ್ತ್ರದ ವಿಷಯ ಹೇಳಿದೆ. ಹಳೆ ಸಾಮಾನಿಗೆ ಎಣ್ಣೆ, ನೀರು, ಕುಂಕುಮ ಏನೂ ತಾಗಿಸಬಾರದು ಎಂಬುದು ಓನರ್ರ ಕಟ್ಟಪ್ಪಣೆಯಂತೆ. ನಾನು ಕೈಚೆಲ್ಲುವುದರಲ್ಲಿದ್ದೆ. ಅಷ್ಟರಲ್ಲಿ ಆತನೇ ದಾರಿ ಹೇಳಿದ.

"ಇಪ್ಪತ್ತೊಂದಕ್ಕೆ ಫಾರಿನ್ ಗುಂಪು ಬರ್ತಿದೆ ಗೌಡ್ರೆ. ನೀವು ಸುಮ್ಮನೆ ಮಾಡಿದ್ರೆ ಪೂಜೆ, ಅವರೆದುರಿಗೆ ಮಾಡಿದ್ರೆ ಪ್ರೋಗ್ರಾಮು. ಪ್ರೋಗ್ರಾಮಿಗೆ ರೂಲ್ಸ್ ಇಲ್ಲ. ಐದು ದಿನ ನಮ್ಮ ಅತಿಥಿಗಳಾಗಿ ಇರಿ, ಊಟ ವಸತಿ ಎಲ್ಲ ನಮ್ಮದು. ಒಂದೇ ವಿಷಯ. ಕಂಬದ ಮನೆಯವರು ಪಾಳೇಗಾರರ ವಂಶ ಅಂತ ನಾವು ಆಗಲೇ ಬೋರ್ಡು ಬರೆಸಿಬಿಟ್ಟಿದ್ದೀವಿ. ನಿಮ್ಮದೇನೂ ಅಭ್ಯಂತರ ಇಲ್ಲ ತಾನೆ?"

ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಕೆಮ್ಮಿದೆ. ಕೆಮ್ಮಿಗೆ ಅವರೇನು ಅರ್ಥ ಮಾಡಿಕೊಂಡರೋ ಅದು ಅವರಿಗೆ ಸೇರಿದ್ದು.

ಫೆಬ್ರವರಿ 8, ಶನಿವಾರ

ಅವ್ವನಿಗೆ ಹೇಳಲು ಬೆಳಿಗ್ಗೆಯಿಂದ ಮೂರು ಸಲ ಹೋಗಿ ಮೂರು ಸಲ ವಾಪಸು ಬಂದೆ. ನಾಲ್ಕನೇ ಸಲ ಕಣ್ಣು ಮುಚ್ಚಿಕೊಂಡು, "ಅವ್ವ, ಕಂಬ ಶ್ರೀರಂಗಪಟ್ಣದಲ್ಲಿಲ್ಲ" ಅಂದೆ.

"ಗೊತ್ತು."

"ಯಾವಾಗ್ಲಿಂದ?"

"ಆಚಾರಿ ಎಂಡ್ರು ಸತ್ಲು ಅಂದ್ಯಲ್ಲ, ಅವತ್ತಿಂದ. ಮೂರು ವರ್ಸ ಪಾಲೀಸ್ ಮಾಡಾಕೆ ಅದೇನು ಅರಮನೆನೇನ್ಲಾ?"

"ಮತ್ತೆ ಯಾಕವ್ವ ಸುಮ್ನಿದ್ದೆ?"

"ಕೇಳ್ತಾ ಓದ್ರೆ ಇನ್ನೂ ಯಾರ್ಯಾರ್ನ ಸಾಯಿಸ್ತಿದ್ಯೋ ಅಂತ ಸುಮ್ಕಾದೆ."

ಹೆಂಡತಿ ಚಲುವಮ್ಮ ಒಳಗಿನಿಂದ ನಕ್ಕದ್ದು ಕೇಳಿಸಿತು. ಕಂಬ ಒಬ್ಬ ದೊಡ್ಡ ಮನುಷ್ಯರ ಪಡಸಾಲೆಯಲ್ಲಿದೆ, ಸಮುದ್ರದ ಹತ್ತಿರ, ಹೋಗಿ ಬರೋಣ ಅಂದೆ. ಬಾರು ಅಂತ ಹೇಳಲಿಲ್ಲ. ಎಲ್ಲವನ್ನೂ ಒಂದೇ ದಿನ ಹೇಳಲು ನಾನೇನು ಸಾಧುಸಂತನೇ?

ಫೆಬ್ರವರಿ 17, ಸೋಮವಾರ. ಕ್ಯಾಪ್ಟನ್ ಹೌಸ್

ನಾನು, ಅವ್ವ, ಅನು ಬಂದೆವು. ಚಲುವಮ್ಮ ದನಕರು ನೋಡಿಕೊಳ್ಳಲು ಉಳಿದಳು. ಮೈಸೂರು, ವಿರಾಜಪೇಟೆ, ಘಾಟಿ, ಕಣ್ಣೂರು. ಎಪ್ಪತ್ತೆಂಟರ ಅವ್ವ ದಾರಿಯುದ್ದಕ್ಕೂ ಕಡಗೋಲನ್ನು ಹಳೆ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಘಾಟಿಯ ತಿರುವಿನಲ್ಲಿ ವಾಂತಿ ಮಾಡಿದವನು ನಾನು ಮಾತ್ರ.

ಹೋಟೆಲ್ಲು ದೊಡ್ಡದಾಗಿಯೇ ಇದೆ. ಇಂಗ್ಲಿಷರ ಹಡಗಿನ ಕ್ಯಾಪ್ಟನ್ ಒಬ್ಬ ಇದ್ದ ಬಂಗಲೆಯಂತೆ. ಗೋಡೆಗೆ ಗಾರೆ ಬಳಿದು, ಅಲ್ಲಲ್ಲಿ ಬೇಕೆಂದೇ ಇಟ್ಟಿಗೆ ಕಾಣುವ ಹಾಗೆ ಬಿಟ್ಟಿದ್ದಾರೆ. ನಮ್ಮೂರಲ್ಲಿ ಹಾಗೆ ಬಿಟ್ಟರೆ ಮೇಸ್ತ್ರಿಯನ್ನು ಕಂಬಕ್ಕೆ ಕಟ್ಟಿ ಕೇಳುತ್ತಿದ್ದೆವು. ಬಾಗಿಲಲ್ಲಿ ಹಾರ ಹಾಕಿ, ಎಳನೀರಿಗೆ ಬಣ್ಣದ ಕಾಗದದ ಕೊಡೆ ಸಿಕ್ಕಿಸಿ ಕೊಟ್ಟರು. ಅವ್ವ ಕೊಡೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾವುದಾದರೂ ಮಗುವಿಗೆ ಆಗುತ್ತದಂತೆ.

ಕೋಣೆಯ ಕಿಟಕಿ ತೆಗೆದರೆ ಸಮುದ್ರ. ಅವ್ವ ಮೊದಲ ಸಲ ನೋಡುತ್ತಿರುವುದು. ಬಹಳ ಹೊತ್ತು ನೋಡಿದಳು.

"ಇದ್ಕೆ ತೂಬು ಎಲ್ಲದೆ?"

"ತೂಬು ಇಲ್ಲ ಕಣವ್ವ, ಇದು ಸಮುದ್ರ."

"ಇಷ್ಟು ನೀರು ನಿಲ್ಸವ್ರೆ, ಒಂದು ನಾಲೆ ತೆಗ್ದಿಲ್ವ?"

"ಉಪ್ಪು ನೀರು ಅಜ್ಜಿ, ಬೆಳೆಗೆ ಆಗಲ್ಲ" ಅಂದಳು ಅನು.

ಅವ್ವನಿಗೆ ಸಮುದ್ರದ ಮೇಲಿದ್ದ ಮರ್ಯಾದೆ ಅಲ್ಲಿಗೆ ಹೋಯಿತು. ಕಿಟಕಿಗೆ ಬೆನ್ನು ಹಾಕಿ ಕೂತಳು. ಬಚ್ಚಲಿನ ದೊಡ್ಡ ಬಿಳಿ ತೊಟ್ಟಿಯನ್ನು ಮಾತ್ರ ಮೆಚ್ಚಿಕೊಂಡಳು. ಎರಡು ಎಮ್ಮೆ ಒಟ್ಟಿಗೆ ಕಲಗಚ್ಚು ಕುಡಿಯಬಹುದಂತೆ.

ಫೆಬ್ರವರಿ 18, ಮಂಗಳವಾರ

ಬಾರು ತೆರೆಯುವ ಮುಂಚೆ, ಬೆಳಿಗ್ಗೆ, ದೊರೆಸ್ವಾಮಿ ನಮ್ಮನ್ನು ಕಂಬದ ಹತ್ತಿರ ಕರೆದುಕೊಂಡು ಹೋದರು. ನಲವತ್ತು ದಾಟಿದ ಮನುಷ್ಯ, ಕೋಟು, ಟೈ, ಕಿವಿಯ ಹಿಂದೆ ಸಣ್ಣಗೆ ಗಂಧ.

ನಾಲ್ಕೂ ಕಂಬ ಇದ್ದವು. ಮಿರಮಿರ ಮಿಂಚುತ್ತಿದ್ದವು. ಪಾಲಿಶ್‌ಗೆ ಕೊಟ್ಟಿದ್ದೇನೆ ಅಂದ ನನ್ನ ಮಾತು ಕೊನೆಗೂ ನಿಜವಾಗಿತ್ತು. ಅವ್ವ ನೆಟ್ಟಗೆ ಮಜ್ಜಿಗೆ ಕಂಬದ ಹತ್ತಿರ ಹೋಗಿ ತಲೆಯೆತ್ತಿ ನೋಡಿದಳು. ಕಂಬದ ನೆತ್ತಿಗೂ ಮೇಲಿನ ತೊಲೆಗೂ ನಡುವೆ ಎರಡು ಬೆರಳು ಸಂದು. ಕಂಬ ಏನನ್ನೂ ಹೊತ್ತಿಲ್ಲ.

"ಪಾಪ, ಕೆಲ್ಸ ಇಲ್ದೆ ನಿಂತದೆ" ಅಂದಳು.

ಕಂಬಕ್ಕೆ ಹಿತ್ತಾಳೆಯ ಬೋರ್ಡು ಜಡಿದಿದ್ದರು. ಅನು ಇಂಗ್ಲಿಷನ್ನು ಮನಸ್ಸಿನಲ್ಲೇ ಓದಿ ನನ್ನ ಕಿವಿಯಲ್ಲಿ ಹೇಳಿದಳು. ಹದಿನೇಳನೇ ಶತಮಾನದ್ದು. ಶ್ರೀರಂಗಪಟ್ಟಣ ಸೀಮೆಯ ಪಾಳೇಗಾರರ ಅರಮನೆಯದು. ನಡುವಿನ ಆಳವಾದ ತೋಡು ಪಟ್ಟದ ಆನೆಯನ್ನು ಕಟ್ಟಿದ್ದ ಸರಪಳಿಯಿಂದ ಆದದ್ದು.

"ಏನ್ ಬರ್ದವ್ರೆ?" ಅಂತ ಅವ್ವ ಕೇಳಿದಳು.

"ಒಳ್ಳೆ ಮರ ಅಂತ" ಅಂದೆ.

"ಈ ಪಾಟಿ ಸೀಸೆ ಯಾಕ್ ಮಡ್ಗವ್ರೆ?"

"ಸರಬತ್ತು ಕಣವ್ವ."

ಅವ್ವ ಗಾಳಿಯನ್ನು ಮೂಸಿದಳು. "ಊಂ. ನಿಮ್ಮಪ್ಪನೂ ಇದೇ ಸರಬತ್ತು ಕುಡೀತಿದ್ದ."

ಅನು ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪ, ಒಂದು ಹಟ್ಟಿ ಒಳಗೆ ಆನೆ ಕಟ್ಟಿದ್ರೆ ಹಟ್ಟಿ ಉಳೀತದಾ? ನೀವೂ ಸುಮ್ನೆ ತಲೆ ಆಡುಸ್ತೀರಲ್ಲ" ಅಂದಳು. ಮದುವೆಯಾಗುವ ಹುಡುಗಿ, ಇಷ್ಟು ಮಾತು ಒಳ್ಳೆಯದಲ್ಲ.

ಫೆಬ್ರವರಿ 19, ಬುಧವಾರ

ಇಲ್ಲಿನ ಜನಕ್ಕೆ ಮನುಷ್ಯರ ಬೆಲೆ ಗೊತ್ತು. ಬೆಳಿಗ್ಗೆ ನನಗೆ ಜರಿ ಪೇಟ ಕೊಟ್ಟರು, ಅದಕ್ಕೊಂದು ನವಿಲುಗರಿ. ಕನ್ನಡಿಯಲ್ಲಿ ನೋಡಿಕೊಂಡೆ. ಮುಖಕ್ಕೆ ಹೊಸದಾಗಿ ಏನೂ ಮಾಡಬೇಕಾಗಿರಲಿಲ್ಲ, ಪೇಟವೊಂದೇ ಕೊರತೆಯಾಗಿತ್ತು ಅಂತ ಅನ್ನಿಸಿತು.

"ಯಾವ ನಾಟ್ಕದ ಕಂಪ್ನಿ ಸೇರ್ದ್ಯೋ?" ಅಂದಳು ಅವ್ವ.

ಜರ್ಮನಿಯ ಗಂಡ ಹೆಂಡತಿ ಬಂದು ಕೈಮುಗಿದರು. ಆನೆಯ ಹೆಸರೇನು ಅಂತ ಕೇಳಿದರು. ನಾನು ಸುಳ್ಳು ಹೇಳುವವನಲ್ಲ, ಆದರೆ ಅತಿಥಿಗಳಿಗೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ. ಚಲುವಯ್ಯ ಅಂದೆ. ಅದು ನಮ್ಮ ಮಾವನ ಹೆಸರು. ಅವರು ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಚಲುವಯ್ಯ ಎರಡು ಯುದ್ಧಕ್ಕೆ ಹೋಗಿ ಬಂದಿತ್ತು. ಸಂಜೆ ಕಾಫಿಯಲ್ಲಿ ಸಕ್ಕರೆ ಕಡಿಮೆ ಅಂತ ಸಪ್ಲೈಯರನ್ನು ಗದರಿಸಿದೆ. ಪೇಟ ಹಾಕಿಕೊಂಡರೆ ಗದರಿಸುವುದು ತಾನೇ ಬರುತ್ತದೆ. ನಿಜ ಹೇಳಬೇಕೆಂದರೆ ಹಿಂದೆ ಯಾವಾಗಲೋ ನಮ್ಮ ಮನೆಯಲ್ಲಿ ಆನೆ ಇದ್ದಿರಲೂಬಹುದು.

ಈ ನಡುವೆ ಒಂದು ತಲೆನೋವು. ಅವ್ವ ಅಡುಗೆಮನೆಗೆ ಹೋಗಿ ಮೊಸರು ನೋಡಿ ಬಂದಿದ್ದಾಳೆ. ದೊಡ್ಡ ಕ್ಯಾನಿನಲ್ಲಿ ಬರುವ, ಕೆನೆ ತೆಗೆದ ಮೊಸರು.

"ಇದ್ನ ವರ್ಸಗಟ್ಲೆ ಕಡುದ್ರೂ ಬೆಣ್ಣೆ ಬರಾಕಿಲ್ಲ. ಕರೆದ ಆಲು ಬೇಕು. ನೀನು ಆಲಿನ್ ಸಂಘದ ಅದ್ಯಕ್ಸ ಅಲ್ವ, ತತ್ತಾ."

ಬೆಣ್ಣೆ ಬರದಿದ್ದರೆ ಶಾಸ್ತ್ರವಿಲ್ಲ. ಶಾಸ್ತ್ರವಿಲ್ಲದಿದ್ದರೆ ಅರಿಶಿನವಿಲ್ಲ, ಮದುವೆಯೂ ಇಲ್ಲ. ನಾಳೆಯೊಂದೇ ದಿನ ಉಳಿದಿರುವುದು.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ಪೇಟ ಕೋಣೆಯಲ್ಲಿಟ್ಟು, ಅಡುಗೆಯವರ ಹತ್ತಿರ ಒಂದು ಕ್ಯಾನು ಇಸಿದುಕೊಂಡು ಹೊರಟೆ. ತೆಂಗಿನ ತೋಟ ದಾಟಿ ಎರಡು ಮೈಲಿ ನಡೆದ ಮೇಲೆ ಸಗಣಿಯ ವಾಸನೆ ಸಿಕ್ಕಿತು. ಈ ಊರಿಗೆ ಬಂದಮೇಲೆ ಮೊದಲ ಸಲ ದಾರಿ ಗೊತ್ತಾದಂತಾಯಿತು.

ಒಂದು ಸಣ್ಣ ಮನೆ, ಒಂದು ಕಂದು ಹಸು, ಕೈಗೆ ಪಟ್ಟಿ ಕಟ್ಟಿಕೊಂಡ ಹೆಂಗಸು. ಅವಳಿಗೆ ಕನ್ನಡ ಬಾರದು, ನನಗೆ ಮಲಯಾಳ ಬಾರದು. ಕೈಗೆ ಪೆಟ್ಟಾಗಿದೆ, ಕರೆಯುವುದಕ್ಕೆ ಆಗುತ್ತಿಲ್ಲ ಅಂತ ತೋರಿಸಿದಳು. ನಾನು ಪಂಚೆ ಮೇಲೆ ಕಟ್ಟಿ ಕೂತೆ. ಹಾಲು ಕರೆದು ಹತ್ತು ವರ್ಷವಾಗಿತ್ತು. ಸಂಘದಲ್ಲಿ ನಾನು ಬೇರೆಯವರ ಹಾಲಿಗೆ ನೀರು ಬೆರೆತಿದೆಯಾ ಅಂತ ನೋಡುವವನು ಮಾತ್ರ. ಹಸು ಒಂದು ಸಲ ಒದೆಯಿತು, ಆಮೇಲೆ ಒಪ್ಪಿಕೊಂಡಿತು. ಬೆರಳುಗಳಿಗೆ ಎಲ್ಲವೂ ನೆನಪಿತ್ತು. ಯಾಕೋ ಬಹಳ ಖುಷಿಯಾಯಿತು. ಹಸು ಚೆನ್ನಾಗಿತ್ತು, ಅದಕ್ಕೇ ಇರಬೇಕು.

ಕ್ಯಾನು ಹೊತ್ತು ಹೋಟೆಲ್ಲಿನ ಹಿಂಬಾಗಿಲಿಗೆ ಬಂದರೆ ಕಾವಲುಗಾರ ಒಳಗೆ ಬಿಡಲಿಲ್ಲ. ನಿನ್ನೆ ನನಗೆ ಸಲ್ಯೂಟ್ ಹೊಡೆದವನೇ. ಪೇಟವಿಲ್ಲದ ರಾಜನ ಗುರುತು ಅವನಿಗೆ ಹತ್ತಲಿಲ್ಲ.

ಅವ್ವ ಹಾಲು ಕಾಯಿಸಿ ಹೆಪ್ಪು ಹಾಕಿದಳು. ಸ್ನಾನದ ತೊಟ್ಟಿಯೊಳಗೆ ಮಡಕೆ ಇಟ್ಟು ಮೇಲೆ ಹೋಟೆಲ್ಲಿನ ಬಿಳಿ ಟವೆಲ್ಲು ಮುಚ್ಚಿದ್ದಾಳೆ. ಯಾರೂ ಸ್ನಾನ ಮಾಡಕೂಡದು ಅಂತ ಅಪ್ಪಣೆಯಾಗಿದೆ.

ಫೆಬ್ರವರಿ 21, ಶುಕ್ರವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು. ಅಕ್ಷರ ಸೊಟ್ಟಗಾಗುತ್ತಿದೆ, ಪೆನ್ನು ಸರಿಯಿಲ್ಲ.

ಸಂಜೆ ಆರಕ್ಕೆ ಪ್ರೋಗ್ರಾಮು. ಕಂಬದ ಸುತ್ತ ಅರ್ಧ ವೃತ್ತದಲ್ಲಿ ಕುರ್ಚಿ ಹಾಕಿದ್ದರು. ಇಪ್ಪತ್ತು ಇಪ್ಪತ್ತೈದು ಜನ, ಎಲ್ಲರ ಕೈಯಲ್ಲೂ ಗ್ಲಾಸು. ನಾನು ಪೇಟ ಹಾಕಿಕೊಂಡು ಎತ್ತರದ ಕುರ್ಚಿಯಲ್ಲಿ ಕೂತಿದ್ದೆ. ಅವ್ವನಿಗೂ ಜರಿ ಸೀರೆ ಕೊಟ್ಟಿದ್ದರು. "ಮೊಸ್ರು ಕಡ್ಯಕ್ಕೆ ಜರಿ ಯಾಕಪ್ಪ, ಬೆಣ್ಣೆ ಕಲೆ ಓಗಾಕಿಲ್ಲ" ಅಂತ ತನ್ನ ಹತ್ತಿ ಸೀರೆಯಲ್ಲೇ ಬಂದಳು.

ಅವ್ವ ನೆಲಕ್ಕೆ ಕೂತು ಕುಣಿಕೆ ಬಿಚ್ಚಿದಳು. ಕಂಬದ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿದ್ದ ಅನುವಿನ ಸೆರಗು ಸರಿಮಾಡುತ್ತಾ ಕೈಯನ್ನು ಹಿಂದಕ್ಕೆ ಹಾಕಿ ಹಗ್ಗ ಬಿಟ್ಟಳು. ಅದು ತೋಡಿನೊಳಗೆ ಹೋಗಿ ಕೂತಿತು. ಒಂದು ಎಳೆಯೂ ಆಚೆ ಈಚೆ ಇಲ್ಲ.

ಅನು ಕಡೆಯತೊಡಗಿದಳು. ಆ ಸದ್ದು ಕೇಳಿ ನನಗೆ ಏನೋ ಆಯಿತು. ಚಿಕ್ಕವನಿದ್ದಾಗ ನಾನು ಏಳುತ್ತಿದ್ದದ್ದೇ ಆ ಸದ್ದಿಗೆ. ಹೊಸ ಮನೆ ಕಟ್ಟಿದ ಮೇಲೆ ಹಾಲನ್ನೆಲ್ಲಾ ಸಂಘಕ್ಕೇ ಹಾಕುತ್ತೇವೆ, ಬೆಣ್ಣೆ ಅಂಗಡಿಯಿಂದ ಬರುತ್ತದೆ. ಮೂರು ವರ್ಷದಿಂದ ಮನೆಯಲ್ಲಿ ಒಂದು ಸದ್ದು ಇಲ್ಲ ಅನ್ನುವುದು ನನಗೆ ಇವತ್ತು ಗೊತ್ತಾಯಿತು.

ದೊರೆಸ್ವಾಮಿ ಮೈಕು ಹಿಡಿದು ಇಂಗ್ಲಿಷಿನಲ್ಲಿ ಅರಮನೆ, ಆನೆ, ರಾಜಮಾತೆ ಅಂತ ಹೇಳುತ್ತಿದ್ದರು. ನರೆತ ಕೂದಲಿನ ಒಬ್ಬ ಬಿಳಿಯಮ್ಮ ಕೈಯೆತ್ತಿ ಏನೋ ಕೇಳಿದಳು.

"ಅಮ್ಮ, ಈ ಗುರುತು ಆದದ್ದು ನಿಮಗೆ ನೆನಪಿದೆಯಾ ಅಂತ ಕೇಳ್ತಿದ್ದಾರೆ" ಅಂದರು ದೊರೆಸ್ವಾಮಿ.

"ಯಾಕಿಲ್ಲ? ಅರ್ದ ನಮ್ಮತ್ತೆ ಸವೆಸಿದ್ರು. ಮಿಕ್ಕಿದ್ದು ನಾನು. ಅದಿನಾಲ್ಕು ವರ್ಸಕ್ಕೆ ಈ ಮನೆ ಒಕ್ದೋಳು, ಅರವತ್ತು ವರ್ಸ ಕಡ್ದಿವ್ನಿ. ಇವನು ಒಟ್ಟೇಲಿದ್ದಾಗ್ಲೂ ಕಡ್ದೆ. ಯಜಮಾನ್ರು ಸತ್ತ ಮೂರನೇ ದಿನನೂ ಕಡ್ದೆ, ಮನೆ ತುಂಬ ಜನ, ಮಜ್ಗೆ ಬೇಕಲ್ಲ."

ಅನು ಕಡೆಯುತ್ತಲೇ ಹೇಳಿಬಿಟ್ಟಳು. "ಅಜ್ಜಿ, ಇದು ಆನೆ ಸರಪಳಿ ಗುರುತು ಅಂತ ಬೋರ್ಡು ಹಾಕವ್ರೆ."

ಅವ್ವನಿಗೆ ಒಂದು ನಿಮಿಷ ಅರ್ಥವಾಗಲಿಲ್ಲ. ಆಮೇಲೆ ನಕ್ಕಳು. ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಆನೆನಾ! ಆ ಆನೆ ನಾನೇ ಕಣವ್ವ!"

ದೊರೆಸ್ವಾಮಿ ಮೈಕಿನಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಆ ಆನೆ ರಾಜಮಾತೆಯವರಿಗೆ ಬಹಳ ಚೆನ್ನಾಗಿ ನೆನಪಿದೆಯಂತೆ! ಎಲ್ಲರೂ ಚಪ್ಪಾಳೆ ಹೊಡೆದರು. ಅವ್ವ ಯಾಕೆ ಅಂತ ತಿಳಿಯದೆ ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು. ನನಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಅಷ್ಟು ನಾಚಿಕೆ ಆಗಿರಲಿಲ್ಲ.

"ನೋ ಎಲಿಫೆಂಟ್" ಅಂದೆ.

ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತೆ. ಪೇಟ ತೆಗೆದು ಕುರ್ಚಿಯ ಮೇಲಿಟ್ಟೆ.

"ನೋ ಎಲಿಫೆಂಟ್. ನೋ ರಾಜ. ಮಿಲ್ಕ್. ಬಟರ್. ಮೈ ಮದರ್. ಸಿಕ್ಸ್ಟಿ ಇಯರ್ಸ್." ಇಷ್ಟು ಹೇಳಿ ಇಂಗ್ಲಿಷ್ ಮುಗಿದುಹೋಯಿತು. ಅವ್ವನ ಕೈ ಹಿಡಿದು ಎತ್ತಿ ಅಂಗೈ ತೋರಿಸಿದೆ.

ಹೇಳಿದ ಮೇಲೆ ಭಯವಾಯಿತು. ಬೆಣ್ಣೆ ಇನ್ನೂ ಬಂದಿರಲಿಲ್ಲ. ರಾಜರಲ್ಲದವರ ಪ್ರೋಗ್ರಾಮು ಪ್ರೋಗ್ರಾಮಲ್ಲ, ರೂಲ್ಸು ಮತ್ತೆ ಬರುತ್ತದೆ, ಈಗಲೇ ಎಬ್ಬಿಸಿ ಕಳಿಸುತ್ತಾರೆ. ಮಗಳ ಮದುವೆಯನ್ನು ನಾನೇ ಕೆಡಿಸಿದೆ. ದೊರೆಸ್ವಾಮಿ ಮೈಕು ಹಿಡಿದು ಹಾಗೇ ನಿಂತಿದ್ದರು. ಅನು ಮಾತ್ರ ನಿಲ್ಲಿಸಲಿಲ್ಲ, ಇನ್ನೂ ಜೋರಾಗಿ ಎಳೆಯತೊಡಗಿದಳು.

ಆಗ ಆ ಬಿಳಿಯಮ್ಮ ಗ್ಲಾಸನ್ನು ನೆಲಕ್ಕಿಟ್ಟು ಎದ್ದು ಬಂದಳು. ತೋಡಿನೊಳಗೆ ಬೆರಳಿಟ್ಟು ನೋಡಿದಳು. ಅವ್ವನ ಅಂಗೈ ನೋಡಿದಳು. ಆಮೇಲೆ ಅವ್ವನ ಪಕ್ಕ ನೆಲದ ಮೇಲೇ ಕೂತಳು.

"ಬಾರವ್ವ, ಇಡ್ಕೊ" ಅಂತ ಅವ್ವ ಅನುವಿನ ಕೈಯಲ್ಲಿದ್ದ ಹಗ್ಗದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. "ವಸಿ ಮೆಲ್ಲಗೆ. ಇವ್ಳು ಎಳ್ದಾಗ ನೀನು ಬುಡ್ಬೇಕು."

ಅವಳಿಗೆ ಅದು ಹೇಗೆ ಅರ್ಥವಾಯಿತೋ. ಅನು, ಅವಳು ಇಬ್ಬರೂ ಕಡೆದರು. ಬೆಣ್ಣೆ ಬಂತು. ದೊರೆಸ್ವಾಮಿ ತಡೆಯಲಿಲ್ಲ. ಮೈಕು ಕೆಳಗಿಟ್ಟು ನೋಡುತ್ತಾ ನಿಂತಿದ್ದರು. ಅನು ಮೊದಲ ಮುದ್ದೆ ಬೆಣ್ಣೆ ತೆಗೆದು ತೋಡಿನ ಉದ್ದಕ್ಕೂ ಹಚ್ಚಿ ಹಣೆ ಮುಟ್ಟಿಸಿದಳು. ಅವ್ವ ಕಂಬದ ಮೇಲೆ ಕೈಯಿಟ್ಟು, "ಬತ್ತೀನಿ ಕಣಪ್ಪ" ಅಂದಳು.

ನಾನು ಆಚೆ ಹೋಗಿ ಸಮುದ್ರದ ಕಡೆ ತಿರುಗಿ ನಿಂತೆ. ಉಪ್ಪುಗಾಳಿಗೆ ಕಣ್ಣು ಉರಿಯುತ್ತದೆ.

ಫೆಬ್ರವರಿ 22, ಶನಿವಾರ

ಬೆಳಿಗ್ಗೆ ಯಾರೂ ಸಲ್ಯೂಟ್ ಹೊಡೆಯಲಿಲ್ಲ. ಪೇಟವನ್ನು ಲೆಕ್ಕ ಹಾಕಿ ನವಿಲುಗರಿಯ ಸಮೇತ ವಾಪಸು ತೆಗೆದುಕೊಂಡರು.

ದೊರೆಸ್ವಾಮಿ ಗೇಟಿನವರೆಗೆ ಬಂದರು. ಅವ್ವನ ಹತ್ತಿರ, "ಅಮ್ಮ, ಸ್ವಲ್ಪ ಬೆಣ್ಣೆ ಉಳಿದಿದೆಯಾ?" ಅಂತ ಕೇಳಿದರು. ಅವ್ವ ಎಲೆಯಲ್ಲಿ ಕೊಟ್ಟಳು. ಕೋಟು ಟೈ ಹಾಕಿಕೊಂಡೇ ಬೆರಳಿನಲ್ಲಿ ತೆಗೆದು ತಿಂದರು.

"ನಮ್ಮಜ್ಜೀನೂ ಕಡೀತಿದ್ರು ಗೌಡ್ರೆ. ಈ ತೋಡು ಏನು ಅಂತ ನನಗೆ ಮೊದಲ ದಿನವೇ ಗೊತ್ತಾಯ್ತು."

"ಮತ್ತೆ ಆನೆ ಅಂತ ಯಾಕೆ ಬರೆಸಿದ್ರಿ?"

"ಮಜ್ಜಿಗೆ ಅಂತ ಬರೆದ್ರೆ ಯಾರು ಸ್ವಾಮಿ ನಿಂತು ಓದ್ತಾರೆ?" ಬೆರಳು ಒರೆಸಿಕೊಳ್ಳುತ್ತಾ, "ನಮ್ಮನೆ ಕಂಬ ಎಲ್ಲಿಗೆ ಹೋಯ್ತೋ. ನಾನೂ ವಿಚಾರಿಸಲೇ ಇಲ್ಲ" ಅಂದರು.

ಬೋರ್ಡು ಬದಲಾಯಿಸುತ್ತೀರಾ ಅಂತ ಕೇಳಿದೆ. ಓನರ್ರಿಗೆ ಆನೆ ಇಷ್ಟ ಅಂದರು.

ಬೆಳಿಗ್ಗೆ ನಾನು ಕೊನೆಯ ಸಲ ಕಂಬ ನೋಡಲು ಹೋದಾಗ ಬೋರ್ಡಿನ ಒಂದು ಸ್ಕ್ರೂ ಸಡಿಲವಾಗಿತ್ತು. ಉಳಿದ ಮೂರು ಹೇಗೆ ಸಡಿಲವಾದವೋ ನನಗೆ ಗೊತ್ತಿಲ್ಲ. ಬೋರ್ಡು ಈಗ ನನ್ನ ಚೀಲದಲ್ಲಿದೆ.

ಮಾರ್ಚ್ 11, ಮಂಗಳವಾರ. ತೊಣ್ಣೂರು

ಅವ್ವ ಒನಕೆ ಹಿಡಿದಳು. ಅರಿಶಿನ ಕುಟ್ಟಿದ್ದಾಯಿತು.

ಮಾರ್ಚ್ 13, ಗುರುವಾರ

ಮದುವೆ ಚೆನ್ನಾಗಿ ಆಯಿತು. ಅನು ಹೋದಳು. ಬರೆಯಲು ಮನಸ್ಸಿಲ್ಲ.

ಮಾರ್ಚ್ 24, ಸೋಮವಾರ

ಹದಿನೈದು ದಿನದಿಂದ ಎರಡು ಲೀಟರು ಹಾಲನ್ನು ಸಂಘಕ್ಕೆ ಹಾಕದೆ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದೇನೆ. ಕಾರ್ಯದರ್ಶಿ ಕೆಂಪಣ್ಣ, "ಏನ್ ಗೌಡ್ರೆ, ಅದ್ಯಕ್ಸರ ಮನೇದೇ ಕಮ್ಮಿ ಬತ್ತಾದೆ?" ಅಂದ. ಹಸುವಿಗೆ ಮೈ ಸರಿಯಿಲ್ಲ ಅಂದೆ. ಹಸು ಗಟ್ಟಿಮುಟ್ಟಾಗಿದೆ, ಪಾಪ.

ಅವ್ವ ಅಡುಗೆಮನೆ ಕಿಟಕಿಯ ಗ್ರಿಲ್ಲಿಗೆ ಕುಣಿಕೆ ಹಾಕಿಕೊಂಡಿದ್ದಾಳೆ, ನವಿಲಿನ ಕಾಲಿಗೆ. ಬೆಳಿಗ್ಗೆ ಆ ಸದ್ದಿಗೆ ಎಚ್ಚರವಾಗುತ್ತದೆ. ಹಾಲಿನ ಪಾತ್ರೆಗೆ ಬೆಕ್ಕು ಬಾಯಿ ಹಾಕುತ್ತಿತ್ತು, ಈಗ ಹಿತ್ತಾಳೆಯ ಬೋರ್ಡು ಮುಚ್ಚಿಡುತ್ತೇವೆ. ಅಳತೆ ಸರಿಯಾಗಿದೆ. ಫಾರ್ಮೈಕಾ ಮೇಜಿನ ಮೇಲೆ ಬೂಸಾ ಮೂಟೆ ಇಟ್ಟಿದ್ದೇವೆ.

ನಿನ್ನೆ ಅವಳು ಕಡೆದು ಎದ್ದು ಹೋದ ಮೇಲೆ ಗ್ರಿಲ್ಲಿನ ಮೇಲೆ ಬೆರಳಿಟ್ಟು ನೋಡಿದೆ. ಏನೂ ಇಲ್ಲ. ಕಬ್ಬಿಣ. ಅರವತ್ತು ವರ್ಷ ಕಡೆದರೂ ಅದರ ಮೇಲೆ ಒಂದು ಗುರುತೂ ಬೀಳುವುದಿಲ್ಲ. ನಾಳೆ ಈ ಮನೆ ನೋಡಿದವರಿಗೆ ಇಲ್ಲಿ ಅವ್ವ ಅಂತ ಒಬ್ಬಳು ಇದ್ದಳು ಅಂತ ಯಾವುದರಿಂದ ಗೊತ್ತಾಗಬೇಕು?

ಅವ್ವನ ತೋಳು ನೋಯುತ್ತಿದೆಯಂತೆ. ಬೆಳಗಿನ ಹೊತ್ತು ನನಗೂ ಕೆಲಸವಿಲ್ಲ, ತೋಳಿಗೆ ವ್ಯಾಯಾಮ ಒಳ್ಳೆಯದು ಅಂತ ಡಾಕ್ಟರೂ ಹೇಳಿದ್ದಾರೆ. ಅದಕ್ಕೇ ಇವತ್ತು ಹಗ್ಗ ನಾನು ಹಿಡಿದೆ. ಬಾಗಿಲಲ್ಲಿ ನಿಂತಿದ್ದ ಚಲುವಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. ಅವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತು, ನಾನು ಎಳೆಯುವುದನ್ನೇ ನೋಡಿದಳು.

"ಬುಡ್ಲಾ ಒನ್ನಪ್ಪ. ನಿಂಗ್ಯಾಕೆ ಆನೆ ಕೆಲ್ಸ?"

ನಾನು ಬಿಡಲಿಲ್ಲ.